ಹಿತ್ತಲಲ್ಲೊಂದು ವೀಕ್ಷಣಾಲಯ: ಸರಿಯುವ ಛಾವಣಿಯ ಕೋಣೆ ಕಟ್ಟುವುದು ಹೇಗೆ?

ಟೆಲಿಸ್ಕೋಪ್ ಇಟ್ಟುಕೊಂಡವರಿಗೆ ಗೊತ್ತು, ಆಕಾಶ ನೋಡುವುದಕ್ಕಿಂತ ನೋಡಲು ಸಿದ್ಧವಾಗುವುದೇ ದೊಡ್ಡ ಕೆಲಸ. ಟ್ರೈಪಾಡ್ ಹೊರಗೆ ತರಬೇಕು, ಮಟ್ಟ ನೋಡಬೇಕು, ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟ್ ಕೂರಿಸಬೇಕು, ಅದರ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸಬೇಕು, ಒಂದೊಂದೇ ಕೇಬಲ್ ಸಿಕ್ಕಿಸಬೇಕು. ಎಲ್ಲಾ ಮುಗಿಯುವ ಹೊತ್ತಿಗೆ ಮೋಡ ಬಂದಿರುತ್ತದೆ. ಮೋಡ ಬರದಿದ್ದರೆ ನಿದ್ದೆ ಬಂದಿರುತ್ತದೆ. ಮೌಂಟ್ ಒಂದೇ ಜಾಗದಲ್ಲಿ ಕಾಯಂ ಆಗಿ ನಿಂತುಬಿಟ್ಟರೆ ಇದಿಷ್ಟೂ ತಪ್ಪುತ್ತದೆ. ಛಾವಣಿ ತಳ್ಳಿ ಸ್ವಿಚ್ ಹಾಕಿದರೆ ಕೆಲಸ ಶುರು.

ವೀಕ್ಷಣಾಲಯ ಅಂದರೆ ಗುಮ್ಮಟವೇ ಕಣ್ಣಮುಂದೆ ಬರುತ್ತದೆ. ಗುಮ್ಮಟ ಗಾಳಿಯನ್ನೂ ಇಬ್ಬನಿಯನ್ನೂ ಚೆನ್ನಾಗಿ ತಡೆಯುತ್ತದೆ, ನಿಜ. ಆದರೆ ಗೋಲಾಕಾರವನ್ನು ಮನೆಯಲ್ಲೇ ತಯಾರಿಸುವುದು, ಅದು ಸೋರದಂತೆ ಸುತ್ತುವ ಹಾಗೆ ಮಾಡುವುದು ಸುಲಭವಲ್ಲ. ಸರಿಯುವ ಛಾವಣಿಗೆ ಬೇಕಾದದ್ದು ಒಂದು ಸಾಧಾರಣ ಶೆಡ್, ಎರಡು ಹಳಿ, ಕೆಲವು ಚಕ್ರ. ತೆರೆದರೆ ಇಡೀ ಆಕಾಶ ಒಟ್ಟಿಗೇ ಕಾಣುತ್ತದೆ. ಒಳಗಿನ ಬಿಸಿಗಾಳಿ ಬೇಗ ಹೊರಗೆ ಹೋಗುತ್ತದೆ. ಇದು ಹವ್ಯಾಸಿಗಳ ಜುಗಾಡ್ ಅಷ್ಟೇ ಅಂದುಕೊಳ್ಳಬೇಡಿ. ಅಮೆರಿಕದ ನ್ಯೂ ಮೆಕ್ಸಿಕೊದ ಅಪಾಚೆ ಪಾಯಿಂಟ್‌ನಲ್ಲಿ ಆಕಾಶದ ದೊಡ್ಡ ನಕ್ಷೆ ತಯಾರಿಸುವ ಸ್ಲೋನ್ ಆಕಾಶ ಸಮೀಕ್ಷೆ ನಡೆಸಿದ, 2.5 ಮೀಟರ್ ಅಗಲದ ಕನ್ನಡಿಯ ಟೆಲಿಸ್ಕೋಪಿಗೂ ಗುಮ್ಮಟವಿಲ್ಲ. ರಾತ್ರಿಯಾದರೆ ಅದನ್ನು ಮುಚ್ಚಿದ ಕಟ್ಟಡವೇ ಹಳಿಯ ಮೇಲೆ ಪಕ್ಕಕ್ಕೆ ಸರಿಯುತ್ತದೆ.

ಇದರ ಕೊರತೆಯೂ ಇದೆ. ಕೋಣೆಗೆ ಎಷ್ಟು ಜಾಗ ಬೇಕೋ, ತೆರೆದ ಛಾವಣಿ ನಿಲ್ಲಲು ಹೆಚ್ಚುಕಮ್ಮಿ ಅಷ್ಟೇ ಜಾಗ ಪಕ್ಕದಲ್ಲಿ ಬೇಕು. ಜೋರು ಗಾಳಿಯಲ್ಲಿ ಟೆಲಿಸ್ಕೋಪಿಗೆ ಗೋಡೆ ಬಿಟ್ಟರೆ ಬೇರೆ ಆಸರೆ ಇಲ್ಲ.

ಅಳತೆ ಎಲ್ಲಿಂದ ಶುರು ಮಾಡಬೇಕು?

ಹೆಚ್ಚಿನವರು ಮೊದಲು ಕೋಣೆಯ ಚಿತ್ರ ಬರೆಯುತ್ತಾರೆ, ಆಮೇಲೆ ಟೆಲಿಸ್ಕೋಪನ್ನು ಅದರೊಳಗೆ ತುರುಕುತ್ತಾರೆ. ಇದನ್ನು ತಿರುವುಮುರುವು ಮಾಡಿ. ಮೌಂಟಿನ ಎರಡು ಅಕ್ಷಗಳು ಕೂಡುವ ಒಂದು ಬಿಂದು ಇದೆಯಲ್ಲ, ಎಲ್ಲಾ ಅಳತೆಯೂ ಅಲ್ಲಿಂದ ಹೊರಡಬೇಕು. ಗೋಡೆಯ ಎತ್ತರ, ಕೋಣೆಯ ಅಗಲ, ಛಾವಣಿಯ ಅಡ್ಡಪಟ್ಟಿ ಎಲ್ಲಿರಬೇಕು, ಎಲ್ಲವನ್ನೂ ಆ ಬಿಂದುವೇ ಹೇಳುತ್ತದೆ. ಈ ಲೇಖನದಲ್ಲಿ ಅದನ್ನು ಸುಮ್ನೆ ‘ಕೇಂದ್ರ’ ಅಂತ ಕರೆಯೋಣ.

ನಿಮ್ಮ ಟೆಲಿಸ್ಕೋಪನ್ನು ಮೌಂಟಿನ ಮೇಲೆ ಕೂರಿಸಿ. ಇಬ್ಬನಿ ಕವಚ, ಕ್ಯಾಮೆರಾ, ಫೋಕಸರ್ ಎಲ್ಲಾ ಹಾಕಿ. ಎಲ್ಲಾ ದಿಕ್ಕಿಗೂ ತಿರುಗಿಸಿ, ಕೇಂದ್ರದಿಂದ ಅದರ ತುದಿ ಎಷ್ಟು ದೂರ ಹೋಗುತ್ತದೆ ಅಂತ ಟೇಪ್ ಹಿಡಿದು ನೋಡಿ. ಟೆಲಿಸ್ಕೋಪಿನ ಭಾರ ಸರಿದೂಗಿಸುವ ಕೌಂಟರ್‌ವೇಟ್ ಕಂಬಿಯನ್ನೂ ಅಳೆಯಿರಿ, ಅದನ್ನು ಮರೆಯುವವರು ಬಹಳ. ಬಂದ ಅಳತೆಗೆ ಒಬ್ಬ ಮನುಷ್ಯ ನಡೆದಾಡಲು ಬೇಕಾದ 60 ಸೆಂಟಿಮೀಟರ್ ಸೇರಿಸಿ. ಅದು ಕೇಂದ್ರದಿಂದ ಗೋಡೆಗೆ ಇರಬೇಕಾದ ಕನಿಷ್ಠ ದೂರ. ಮುಂದೆ ದೊಡ್ಡ ಟೆಲಿಸ್ಕೋಪ್ ತೆಗೆದುಕೊಳ್ಳುವ ಆಸೆ ಇದ್ದರೆ, ಇರುತ್ತದೆ ಅಲ್ವಾ, ಈಗಲೇ ಒಂದಿಷ್ಟು ಜಾಸ್ತಿ ಬಿಡಿ. ಉದಾಹರಣೆಗೆ ಒಳಗಿನ ಅಳತೆ 3 ಮೀಟರ್ ಅಗಲ, 4 ಮೀಟರ್ ಉದ್ದ ಅಂತ ಇಟ್ಟುಕೊಳ್ಳೋಣ. ಟೆಲಿಸ್ಕೋಪಿಗೆ 3 ಮೀಟರ್ ಚೌಕ, ಉಳಿದ ಒಂದು ಮೀಟರಿನಲ್ಲಿ ಮೇಜು, ಕುರ್ಚಿ, ಕಂಪ್ಯೂಟರ್.

ಈಗ ಗೋಡೆಯ ಎತ್ತರ. ಗೋಡೆ ತಗ್ಗಿದ್ದರೆ ದಿಗಂತದವರೆಗೂ ಕಾಣುತ್ತದೆ ಅನ್ನುವ ಆಸೆ ಸಹಜ. ಆದರೆ ದಿಗಂತದ ಹತ್ತಿರ ನೋಡಿ ಸಿಗುವುದು ಕಡಿಮೆ. ನೆತ್ತಿಯ ಮೇಲಿನ ನಕ್ಷತ್ರದ ಬೆಳಕು ಎಷ್ಟು ಗಾಳಿ ದಾಟಿ ಬರುತ್ತದೋ, 30 ಡಿಗ್ರಿ ಎತ್ತರದ ನಕ್ಷತ್ರದ್ದು ಅದರ ಎರಡರಷ್ಟು ದಾಟಬೇಕು. 15 ಡಿಗ್ರಿಯಲ್ಲಿ ಹತ್ತಿರ ಹತ್ತಿರ ನಾಲ್ಕರಷ್ಟು, 10 ಡಿಗ್ರಿಯಲ್ಲಿ ಐದೂವರೆಯಷ್ಟು. ಹಾಗಾಗಿ 15 ಡಿಗ್ರಿಯ ಕೆಳಗಿನದ್ದನ್ನು ಗೋಡೆಗೆ ಬಿಟ್ಟುಕೊಡಬಹುದು. ಬದಲಿಗೆ ಗಾಳಿ ತಡೆಯುತ್ತದೆ, ಬೀದಿದೀಪ ಕಣ್ಣಿಗೆ ಹೊಡೆಯುವುದಿಲ್ಲ. ಕೇಂದ್ರದಿಂದ ಗೋಡೆ 1.5 ಮೀಟರ್ ದೂರವಿದ್ದು, ಗೋಡೆಯ ತುದಿ ಕೇಂದ್ರಕ್ಕಿಂತ 40 ಸೆಂಟಿಮೀಟರ್ ಎತ್ತರವಿದ್ದರೆ ಸರಿಯಾಗಿ 15 ಡಿಗ್ರಿ ಮುಚ್ಚುತ್ತದೆ. ಕೇಂದ್ರ ನೆಲದಿಂದ 1.5 ಮೀಟರ್ ಮೇಲಿದ್ದರೆ, ಹಳಿ ಸೇರಿ ಗೋಡೆ 1.9 ಮೀಟರ್. ಬಾಗಿಲು ಇದಕ್ಕಿಂತ ಗಿಡ್ಡವಾಗುತ್ತದೆ. ಅದರ ಮೇಲಿನ ಪಟ್ಟಿಗೆ ದಪ್ಪ ಫೋಮ್ ಸುತ್ತಿ. ಕತ್ತಲೆಯಲ್ಲಿ ಹಣೆ ಬಡಿದುಕೊಳ್ಳುವುದು ಖಾತ್ರಿ.

ಎತ್ತರದ ಲೆಕ್ಕದಲ್ಲಿ ಇನ್ನೊಂದು ಸಂಗತಿ ಇದೆ, ತುಂಬಾ ಜನ ಎಡವುವುದು ಇಲ್ಲೇ. ಟೆಲಿಸ್ಕೋಪನ್ನು ಅಡ್ಡ ಮಲಗಿಸಿ ನಿಲ್ಲಿಸಿದರೂ ಅದರ ಬೆನ್ನು ಕೇಂದ್ರಕ್ಕಿಂತ ಅರ್ಧ ಮೀಟರ್ ಮೇಲಿರಬಹುದು. ಅಂದರೆ ನೆಲದಿಂದ 2 ಮೀಟರ್, ಗೋಡೆಗಿಂತ 10 ಸೆಂಟಿಮೀಟರ್ ಜಾಸ್ತಿ. ಛಾವಣಿಯ ಅಡ್ಡಪಟ್ಟಿ ಚಕ್ರದ ಮಟ್ಟದಲ್ಲೇ ಇದ್ದರೆ ತೆರೆಯುವಾಗ ನೇರ ಟೆಲಿಸ್ಕೋಪಿಗೇ ಬಡಿಯುತ್ತದೆ. ಛಾವಣಿ ಉತ್ತರಕ್ಕೆ ಸರಿಯುವುದಾದರೆ, ಅದರ ದಕ್ಷಿಣ ತುದಿಯಲ್ಲಿರುವ ತ್ರಿಕೋನದ ಮುಚ್ಚಿಗೆಯೂ ಟೆಲಿಸ್ಕೋಪಿನ ಮೇಲೆ ಹಾದು ಹೋಗಲೇಬೇಕು. ಉತ್ತರ ತುದಿಯದ್ದು ಆಚೆಗೇ ಹೋಗುವುದರಿಂದ ಅದರ ಚಿಂತೆ ಇಲ್ಲ. ಹಾಗಾಗಿ ಅಡ್ಡಪಟ್ಟಿಗಳನ್ನು ಮೇಲಕ್ಕೆ ಎತ್ತಿ, ಆ ದಕ್ಷಿಣ ಮುಚ್ಚಿಗೆಯನ್ನು ಕೀಲು ಹಾಕಿ ಮಡಚುವಂತೆ ಮಾಡಿ. ಕನಿಷ್ಠ 10 ಸೆಂಟಿಮೀಟರ್ ಸಂದು ಇರಲಿ.

ಜಾಗ ಮತ್ತು ದಿಕ್ಕು

ಹಿತ್ತಲಲ್ಲಿ ನಾಲ್ಕಾರು ರಾತ್ರಿ ಸುಮ್ನೆ ಕುರ್ಚಿ ಹಾಕಿಕೊಂಡು ಕೂತು ನೋಡಿ. ಯಾವ ಮರ ಅಡ್ಡ, ಯಾವ ದೀಪ ಕಣ್ಣಿಗೆ ಬೀಳುತ್ತದೆ, ಯಾವ ಮನೆಯ ಛಾವಣಿ ರಾತ್ರಿ ಹನ್ನೊಂದಾದರೂ ಬಿಸಿ ಬಿಡುತ್ತಿರುತ್ತದೆ, ಎಲ್ಲವೂ ಗೊತ್ತಾಗುತ್ತದೆ. ಮಳೆ ಬಂದಾಗ ನೀರು ನಿಲ್ಲುವ ಜಾಗ ಬೇಡ. ಕಾಯಂ ಕಟ್ಟಡಕ್ಕೆ ಅನುಮತಿ ಬೇಕೇ ಅನ್ನುವುದನ್ನು ಅಗೆಯುವ ಮೊದಲೇ ವಿಚಾರಿಸಿ.

ಉತ್ತರಾರ್ಧ ಗೋಳದವರು ಸಾಮಾನ್ಯವಾಗಿ ಛಾವಣಿಯನ್ನು ಉತ್ತರಕ್ಕೆ ಸರಿಸುತ್ತಾರೆ. ಗ್ರಹಗಳು ಓಡಾಡುವ ದಕ್ಷಿಣದ ಆಕಾಶ ಆಗ ಪೂರ್ತಿ ತೆರೆದಿರುತ್ತದೆ. ಆದರೆ ಇದನ್ನು ಕಣ್ಣುಮುಚ್ಚಿ ಅನುಸರಿಸಬೇಡಿ. ಮೌಂಟನ್ನು ಧ್ರುವಕ್ಕೆ ಹೊಂದಿಸಲು ನೆರವಾಗುವ ಧ್ರುವ ನಕ್ಷತ್ರದ ಎತ್ತರ ಸುಮಾರಾಗಿ ನೀವಿರುವ ಅಕ್ಷಾಂಶದಷ್ಟೇ. 50 ಡಿಗ್ರಿ ಅಕ್ಷಾಂಶದಲ್ಲಿ ಅದು ಸರಿದು ನಿಂತ ಛಾವಣಿಯ ಮೇಲೆ ಸಲೀಸಾಗಿ ಕಾಣುತ್ತದೆ. 13 ಡಿಗ್ರಿಯಲ್ಲಾದರೆ 15 ಡಿಗ್ರಿ ಮುಚ್ಚುವ ಗೋಡೆಯೇ ಅದನ್ನು ಮರೆಮಾಡುತ್ತದೆ. ಭೂಮಧ್ಯರೇಖೆಗೆ ಹತ್ತಿರ ಇರುವವರಿಗೆ ನನ್ನ ಸಲಹೆ ಬೇರೆ. ಈಗಾಗಲೇ ಮರವೋ ಮನೆಯೋ ಅಡ್ಡ ಇರುವ ದಿಕ್ಕಿಗೆ ಛಾವಣಿ ತಳ್ಳಿ, ಅಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇಲ್ಲ. ಉತ್ತರದ ಗೋಡೆಯ ಮೇಲ್ಭಾಗದಲ್ಲಿ ಕೆಳಕ್ಕೆ ಮಡಚುವ ಒಂದು ಪುಟ್ಟ ಬಾಗಿಲು ಮಾಡಿ. ಅದೂ ಬೇಡವೆಂದರೆ, ನಕ್ಷತ್ರ ನಿಧಾನವಾಗಿ ಸರಿಯುವುದನ್ನು ನೋಡಿ ತಿದ್ದುವ ಡ್ರಿಫ್ಟ್ ವಿಧಾನಕ್ಕೆ ಧ್ರುವ ನಕ್ಷತ್ರ ಕಾಣಲೇಬೇಕೆಂದಿಲ್ಲ.

ಕಂಬ: ನೆಲವನ್ನು ಮುಟ್ಟಬಾರದು

ಟೆಲಿಸ್ಕೋಪ್ ನಿಲ್ಲುವ ಕಂಬಕ್ಕೆ ಪಿಯರ್ ಅನ್ನುತ್ತಾರೆ. ಇದಕ್ಕೆ ಎಷ್ಟು ನಿಗಾ ಬೇಕು ಅನ್ನುವುದಕ್ಕೆ ಒಂದು ಲೆಕ್ಕ: ಒಂದು ಮೀಟರ್ ಉದ್ದದ ಕಡ್ಡಿಯ ತುದಿ 5 ಮೈಕ್ರಾನ್ ಸರಿದರೆ ಅದು ಒಂದು ಆರ್ಕ್‌ಸೆಕೆಂಡ್ ಓರೆಯಾದಂತೆ. ಒಂದು ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 3600ನೇ ಒಂದು ಪಾಲು. ಫೋಟೊದಲ್ಲಿ ನಕ್ಷತ್ರ ಗೆರೆಯಾಗಲು ಎರಡು ಮೂರು ಆರ್ಕ್‌ಸೆಕೆಂಡ್ ಸಾಕು. ನೀವು ನಡೆದಾಡುವ ನೆಲಕ್ಕೂ ಕಂಬಕ್ಕೂ ನಂಟಿದ್ದರೆ ಪ್ರತಿ ಹೆಜ್ಜೆಯೂ ಚಿತ್ರದಲ್ಲಿ ಕಾಣುತ್ತದೆ.

90 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಗುಂಡಿ ತೋಡಿ. ಚಳಿಗೆ ಮಣ್ಣು ಹೆಪ್ಪುಗಟ್ಟುವ ಕಡೆಯಾದರೆ ಹೆಪ್ಪುಗಟ್ಟುವ ಆಳಕ್ಕಿಂತಲೂ ಕೆಳಗೆ ಹೋಗಬೇಕು. ಕಬ್ಬಿಣದ ಕಂಬಿಯ ಪಂಜರ ಕಟ್ಟಿ ಕಾಂಕ್ರೀಟ್ ತುಂಬಿದರೆ ಸುಮಾರು ಒಂದೂಮುಕ್ಕಾಲು ಟನ್ ಭಾರದ ದಿಮ್ಮಿ ಆಗುತ್ತದೆ. ಹಾಕುವ ಮೊದಲು ಎರಡು ಪೈಪ್ ಹುದುಗಿಸಲು ಮರೆಯಬೇಡಿ, ಒಂದು ಕರೆಂಟಿಗೆ, ಒಂದು ಡೇಟಾ ಕೇಬಲ್ಲಿಗೆ. ಪ್ಲೈವುಡ್ಡಿನ ಅಚ್ಚಿನಲ್ಲಿ ತೂತು ಮಾಡಿ, ಅದರಲ್ಲಿ ಆಂಕರ್ ಬೋಲ್ಟುಗಳನ್ನು ಕಾಂಕ್ರೀಟ್ ಹಸಿಯಿದ್ದಾಗಲೇ ಅಳತೆಗೆ ಸರಿಯಾಗಿ ನಿಲ್ಲಿಸಿ. ಒಂದು ವಾರ ನೀರುಣಿಸಿ. ಕಾಂಕ್ರೀಟ್ ಪೂರ್ತಿ ಗಟ್ಟಿಯಾಗಲು 28 ದಿನ ಅನ್ನುವುದು ವಾಡಿಕೆಯ ಲೆಕ್ಕ. ಆ ಹೊತ್ತಿಗೆ ಗೋಡೆಯ ಕೆಲಸ ನೋಡಿಕೊಳ್ಳಬಹುದು.

ದಿಮ್ಮಿಯ ಮೇಲೆ ಉಕ್ಕಿನ ಪೈಪ್ ನಿಲ್ಲಿಸಿ. ದಪ್ಪ ತಗಡಿನ ಸಣ್ಣ ಪೈಪಿಗಿಂತ ದೊಡ್ಡ ವ್ಯಾಸದ ಪೈಪ್ ಮೇಲು. ತಗಡಿನ ದಪ್ಪ ಅಷ್ಟೇ ಇದ್ದು ವ್ಯಾಸ ಎರಡರಷ್ಟಾದರೆ ಬಿಗಿತ ಎಂಟರಷ್ಟಾಗುತ್ತದೆ. ಕಂಬದ ಎತ್ತರ ಅರ್ಧವಾದರೂ ಅಷ್ಟೇ ಲಾಭ. ಸಾಮಾನ್ಯ ಉಪಕರಣಕ್ಕೆ 20 ಸೆಂಟಿಮೀಟರ್ ವ್ಯಾಸದ, 6 ಮಿಲಿಮೀಟರ್ ದಪ್ಪದ ಪೈಪ್ ಧಾರಾಳ. ಒಳಗೆ ಒಣ ಮರಳು ತುಂಬಿದರೆ ಅದುರು ಬೇಗ ಇಂಗುತ್ತದೆ. ಮೇಲ್ಗಡೆ ಮೌಂಟನ್ನು ಉದ್ದುದ್ದ ಬೋಲ್ಟುಗಳ ಮೇಲೆ ಎತ್ತಿ ನಿಲ್ಲಿಸುವ ಪದ್ಧತಿಯೂ ಇದೆ. ನನಗೆ ಅದು ಹಿಡಿಸುವುದಿಲ್ಲ. ಅಷ್ಟು ದಪ್ಪ ಕಂಬ ನಿಲ್ಲಿಸಿ, ಕೊನೆಗೆ ನಾಲ್ಕು ಸಣ್ಣ ಸರಳುಗಳ ಮೇಲೆ ಟೆಲಿಸ್ಕೋಪ್ ತೂಗಾಡಿಸಿದರೆ ಏನು ಬಂತು?

ಕಂಬದ ಸುತ್ತ, ದಿಮ್ಮಿಯ ಸುತ್ತ 2ರಿಂದ 3 ಸೆಂಟಿಮೀಟರ್ ಸಂದು ಬಿಡಿ. ಕೋಣೆಯ ನೆಲ ಅದನ್ನು ಎಲ್ಲೂ ಮುಟ್ಟಬಾರದು. ಮೇಸ್ತ್ರಿಗೆ ಇದನ್ನು ಎರಡೆರಡು ಸಲ ಹೇಳಿ, ನೆಲ ಹಾಕುವ ದಿನ ಎದುರಿಗೇ ನಿಂತಿರಿ. ಸಂದು ಕಂಡರೆ ಗಾರೆ ತುಂಬದೆ ಬಿಡುವುದು ಒಳ್ಳೆಯ ಕೆಲಸಗಾರರಿಗೆ ಕಷ್ಟ. ಆಮೇಲೆ ಆ ಸಂದಿಗೆ ಮೆತ್ತನೆಯ ಫೋಮ್ ಪಟ್ಟಿ ಸಿಕ್ಕಿಸಿ, ಇರುವೆ ಬರುವುದು ತಪ್ಪುತ್ತದೆ.

ಕಂಬದ ತಟ್ಟೆಗೆ ಉತ್ತರ ದಿಕ್ಕು ಗುರುತಿಸುವಾಗ ದಿಕ್ಸೂಚಿ ನಂಬಬೇಡಿ. ಅದು ತೋರಿಸುವುದು ಕಾಂತೀಯ ಉತ್ತರ, ಜೊತೆಗೆ ಪಕ್ಕದಲ್ಲೇ ರಾಶಿ ಕಬ್ಬಿಣ. ಎರಡು ತೂಗುಗುಂಡಿನ ದಾರ ಇಳಿಬಿಟ್ಟು ಅವೆರಡೂ ಧ್ರುವ ನಕ್ಷತ್ರದ ಜೊತೆ ಒಂದೇ ಗೆರೆಯಲ್ಲಿ ಕಾಣುವಂತೆ ಮಾಡಿ, ಆ ಗೆರೆಯನ್ನು ನೆಲಕ್ಕೆ ಇಳಿಸಿ. ಧ್ರುವ ನಕ್ಷತ್ರ ನಿಜವಾದ ಧ್ರುವದಿಂದ ಒಂದು ಡಿಗ್ರಿಗಿಂತ ಕಡಿಮೆ ದೂರದಲ್ಲಿದೆ. ಉಳಿದದ್ದನ್ನು ಮೌಂಟಿನ ತಿರುಪುಗಳೇ ಸರಿಮಾಡುತ್ತವೆ.

ನೆಲ ಮತ್ತು ಗೋಡೆ

ಇಲ್ಲಿ ನೆನಪಿಡಬೇಕಾದದ್ದು ಬಿಸಿಲಿನ ಕಾವು. ಇಟ್ಟಿಗೆ, ಕಲ್ಲು, ದಪ್ಪ ಕಾಂಕ್ರೀಟ್ ಹಗಲೆಲ್ಲಾ ಬಿಸಿಯನ್ನು ಹೀರಿ ರಾತ್ರಿಯೆಲ್ಲಾ ಬಿಡುತ್ತವೆ. ಆ ಬಿಸಿಗಾಳಿ ಟೆಲಿಸ್ಕೋಪಿನ ಮುಂದೆಯೇ ಮೇಲೇರಿದರೆ ಗುರು ಗ್ರಹದ ಪಟ್ಟೆಗಳು ಕಲಸಿಹೋಗುತ್ತವೆ. ಹಾಗಾಗಿ ಗೋಡೆಗೆ ಮರದ ಅಥವಾ ಉಕ್ಕಿನ ಚೌಕಟ್ಟು ನಿಲ್ಲಿಸಿ, ತೆಳ್ಳನೆ ಸಿಮೆಂಟ್ ಬೋರ್ಡೋ ಹಲಗೆಯೋ ಹೊಡೆಯಿರಿ. ನೆಲಕ್ಕೆ ಮರದ ಹಲಗೆಯ ಅಟ್ಟಣೆ ಒಳ್ಳೆಯದು. ಹೊರಗೆ ಬಿಳಿ ಬಣ್ಣ, ಒಳಗೆ ಹೊಳಪಿಲ್ಲದ ಗಾಢ ಬಣ್ಣ. ಕೋಣೆ ಚೌಕಾಗಿದೆಯೇ ಅಂತ ನೋಡಲು ಎದುರು ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯಿರಿ. 3 ಮೀಟರಿಗೆ 4 ಮೀಟರ್ ಕೋಣೆಯಾದರೆ ಎರಡೂ ಕರ್ಣ ಸರಿಯಾಗಿ 5 ಮೀಟರ್ ಬರಬೇಕು. ಇಲ್ಲಿ ತಪ್ಪಿದರೆ ಹಳಿಯಲ್ಲಿ ಅನುಭವಿಸಬೇಕಾಗುತ್ತದೆ.

ಹಳಿ ಮತ್ತು ಚಕ್ರ

ಹಳಿಗೆ ಎಲ್ಲರಿಗೂ ಸಿಗುವ ವಸ್ತು ಎಲ್-ಆಂಗಲ್. ಅದನ್ನು ಬೋರಲು ಹಾಕಿ, ಮೂಲೆ ಮೇಲಕ್ಕೆ ಬರುವಂತೆ, ಚಪ್ಪಟೆ ಪಟ್ಟಿಯ ಮೇಲೆ ವೆಲ್ಡ್ ಮಾಡಿ. ಅದರ ಮೇಲೆ ವಿ ಆಕಾರದ ತೋಡು ಇರುವ ಚಕ್ರ ಓಡುತ್ತದೆ. ಸರಿಯುವ ಗೇಟಿಗೆ ಹಾಕುವ ಬೇರಿಂಗ್ ಚಕ್ರಗಳೇ ಇವು. ಬೋರಲು ಆಂಗಲ್ ಮೇಲೆ ನೀರೂ ಕಸವೂ ನಿಲ್ಲುವುದಿಲ್ಲ. ಚಾನಲ್ ಒಳಗೆ ಚಕ್ರ ಓಡಿಸಿದರೆ ಒಂದೇ ಒಂದು ಜಲ್ಲಿ ಕಲ್ಲು ಛಾವಣಿಯನ್ನು ನಿಲ್ಲಿಸಿಬಿಡುತ್ತದೆ.

ಎರಡೂ ಕಡೆ ವಿ ಚಕ್ರ ಹಾಕಬೇಡಿ. ಎರಡು ಹಳಿಗಳ ನಡುವಿನ ಅಂತರ ಎಲ್ಲೋ ಒಂದು ಕಡೆ ಐದಾರು ಮಿಲಿಮೀಟರ್ ಹೆಚ್ಚುಕಮ್ಮಿ ಆಗಿಯೇ ಆಗುತ್ತದೆ, ಎಂಥಾ ವೆಲ್ಡರ್ ಆದರೂ ಸರಿ. ಆಗ ವಿ ಚಕ್ರಗಳು ಹಳಿಯನ್ನು ಕಚ್ಚಿಕೊಳ್ಳುತ್ತವೆ, ಇಲ್ಲವೇ ಏರಿ ಹೊರಬೀಳುತ್ತವೆ. ಒಂದು ಕಡೆ ವಿ ಚಕ್ರ ದಾರಿ ಹಿಡಿದು ನಡೆಯಲಿ, ಇನ್ನೊಂದು ಕಡೆ ಚಪ್ಪಟೆ ಪಟ್ಟಿಯ ಮೇಲೆ ಚಪ್ಪಟೆ ಚಕ್ರ ಬರೀ ಭಾರ ಹೊರಲಿ. ಅಂತರ ಸ್ವಲ್ಪ ಆಚೀಚೆ ಆದರೂ ಚಪ್ಪಟೆ ಚಕ್ರ ತಲೆ ಕೆಡಿಸಿಕೊಳ್ಳುವುದಿಲ್ಲ.

ಮಟ್ಟ ನೋಡಲು ಗಿಡ್ಡ ರಸಮಟ್ಟ ಸಾಲದು. ನೀರು ತುಂಬಿದ ಪಾರದರ್ಶಕ ಟ್ಯೂಬ್ ಬಳಸಿ, ಗೋಡೆಯ ತುದಿಯಿಂದ ಹೊರಗಿನ ಕಂಬದ ತುದಿವರೆಗೆ ಮಟ್ಟ ತನ್ನಿ. ಛಾವಣಿ ನಿಲ್ಲುವ ಆ ಹೊರಗಿನ ಕಂಬಗಳು ತಮ್ಮ ಪಾಡಿಗೆ ತಾವು ಮಣ್ಣಿನಲ್ಲಿ ಕುಸಿಯುತ್ತವೆ. ಅದಕ್ಕೆ ಅವುಗಳ ತಲೆಯ ಮೇಲೆ ತಟ್ಟೆ, ಮೇಲೊಂದು ಕೆಳಗೊಂದು ನಟ್ ಹಾಕಿ, ಮುಂದೆ ಏರಿಸಿ ಇಳಿಸುವ ಅವಕಾಶ ಇರಲಿ. ಕಂಬಗಳ ನಡುವೆ ಓರೆ ಪಟ್ಟಿಗಳು ಬೇಕೇ ಬೇಕು. ಒಟ್ಟು 8 ಮೀಟರ್ ಉದ್ದದ ಉಕ್ಕಿನ ಹಳಿ, ಚಳಿಯ ಬೆಳಗಿಗೂ ಬಿಸಿಲ ಮಧ್ಯಾಹ್ನಕ್ಕೂ 40 ಡಿಗ್ರಿ ವ್ಯತ್ಯಾಸವಿದ್ದರೆ, ಸುಮಾರು 4 ಮಿಲಿಮೀಟರ್ ಹಿಗ್ಗುತ್ತದೆ. ಒಂದು ತುದಿಯನ್ನು ಬಿಗಿದು, ಉಳಿದ ಬೋಲ್ಟಿನ ತೂತುಗಳನ್ನು ಉದ್ದಕ್ಕೆ ಕೊರೆಸಿ. ಬೆಸುಗೆಯ ಗಂಟುಗಳನ್ನು ಗ್ರೈಂಡರ್ ಹಿಡಿದು ಬೆರಳಿಗೆ ತಾಗದಷ್ಟು ನುಣ್ಣಗೆ ಮಾಡಿ.

ಎರಡೂ ತುದಿಯಲ್ಲಿ ತಡೆ ವೆಲ್ಡ್ ಮಾಡುವ ತನಕ ಛಾವಣಿಯನ್ನು ಹಳಿಯ ಮೇಲೆ ಇಡಲೇಬೇಡಿ.

ಛಾವಣಿ: ಹಗುರವಿರಲಿ, ಕಟ್ಟಿಹಾಕಿರಲಿ

ಮೊದಲು ಕೆಳಗಿನ ಆಯತದ ಚೌಕಟ್ಟು. ಚಕ್ರಗಳು ಇದಕ್ಕೇ ಕೂರುತ್ತವೆ. ಇಳಿಜಾರು ಪಟ್ಟಿಗಳು ತಮ್ಮ ಭಾರಕ್ಕೆ ಎರಡು ಬದಿಗಳನ್ನು ಹೊರಕ್ಕೆ ತಳ್ಳುತ್ತಿರುತ್ತವೆ. ಅಡ್ಡಪಟ್ಟಿಗಳನ್ನು ನಾವು ಮೇಲಕ್ಕೆ ಎತ್ತಿರುವುದರಿಂದ ಈ ಚೌಕಟ್ಟಿನ ಬದಿಗಳೂ ಮೂಲೆಗಳೂ ಗಟ್ಟಿಯಾಗಿರಬೇಕು. ಚೌಕ ಪೈಪಿನಲ್ಲಿ ಮಾಡಿ, ಮೂಲೆಗೆ ತ್ರಿಕೋನದ ತಟ್ಟೆ ಹೊಡೆಯಿರಿ. ಒಂದೇ ಕಡೆಗೆ ಇಳಿಜಾರಿನ ಛಾವಣಿ ಮಾಡುವುದು ಸುಲಭ, ಎತ್ತರವೂ ಕಡಿಮೆ. ಜೋರು ಮಳೆಯ ಕಡೆ 10 ಡಿಗ್ರಿಗೆ ಕಡಿಮೆ ಇಳಿಜಾರು ಬೇಡ. ತಗಡಿನ ಒಳಮೈಗೆ ಇನ್ಸುಲೇಷನ್ ಅಂಟಿಸದಿದ್ದರೆ ಬೆಳಗಿನ ಜಾವ ಅಲ್ಲೇ ನೀರು ಕಟ್ಟಿ ಕನ್ನಡಿಯ ಮೇಲೆ ತೊಟ್ಟಿಕ್ಕುತ್ತದೆ.

ಆರು ಚಕ್ರವಿದ್ದರೂ ಭಾರ ಆರಕ್ಕೂ ಸಮನಾಗಿ ಹಂಚಿಹೋಗುವುದಿಲ್ಲ. ಹಳಿ ಒಂದಿಷ್ಟು ಏರುಪೇರಾದರೆ ಮೂರು ನಾಲ್ಕು ಚಕ್ರಗಳೇ ಎಲ್ಲಾ ಹೊರುತ್ತವೆ. ಅದಕ್ಕೆ ತಕ್ಕಂತೆ ಗಟ್ಟಿ ಚಕ್ರ ಆರಿಸಿ.

ಈಗ ಗಾಳಿ. ನಮ್ಮ ಉದಾಹರಣೆಯ ಕೋಣೆಗೆ, ಸೂರು ಸೇರಿ ಸುಮಾರು 15 ಚದರ ಮೀಟರ್ ಛಾವಣಿ ಬೇಕು. ಹಗುರ ಉಕ್ಕಿನದಾದರೆ 250-300 ಕೆಜಿ ತೂಗಬಹುದು. ಗಂಟೆಗೆ 100 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 48 ಕೆಜಿ ಭಾರಕ್ಕೆ ಸಮ. ಅದು ಛಾವಣಿಯನ್ನು ಮೇಲಕ್ಕೆತ್ತಿದರೆ 700 ಕೆಜಿ ಆಯಿತು. ಅಂದರೆ ಬರೀ ಚಕ್ರದ ಮೇಲೆ ಕೂತ ಛಾವಣಿ ಬಿರುಗಾಳಿಗೆ ಕೊಡೆಯ ಹಾಗೆ ಹಾರಿಹೋಗುತ್ತದೆ. ‘ಇಷ್ಟು ಭಾರ ಇದೆಯಲ್ಲ, ಎಲ್ಲಿಗೆ ಹೋಗುತ್ತೆ’ ಅನ್ನುವ ಧೈರ್ಯ ಬೇಡ. ಎರಡು ಬಗೆಯ ರಕ್ಷಣೆ ಮಾಡಿ. ಚೌಕಟ್ಟಿನಿಂದ ಕೆಳಗಿಳಿದು ಹಳಿಯ ಅಡಿಪಟ್ಟಿಯ ಕೆಳಕ್ಕೆ ಬಾಗಿದ ಕೊಕ್ಕೆಗಳು ಯಾವಾಗಲೂ ಇರಲಿ, ಸರಿಯುವಾಗಲೂ ಛಾವಣಿ ಮೇಲೇಳಬಾರದು. ಜೊತೆಗೆ ನಾಲ್ಕು ಮೂಲೆಗೂ ತಿರುಗಿಸಿ ಬಿಗಿಯುವ ಕೊಂಡಿಗಳಾದ ಟರ್ನ್‌ಬಕಲ್, ಮುಚ್ಚಿದಾಗಲೂ ತೆರೆದಾಗಲೂ ಹಾಕುವಂತೆ. ತೆರೆದ ಛಾವಣಿಯನ್ನು ಕಟ್ಟುವುದು ಮರೆತುಹೋಗುವುದೇ ಹೆಚ್ಚು. ಗೋಡೆಯ ಚೌಕಟ್ಟೂ ಬುನಾದಿಗೆ ಬೋಲ್ಟ್ ಆಗಿರಬೇಕು, ಇಲ್ಲದಿದ್ದರೆ ಛಾವಣಿ ಗೋಡೆಯನ್ನೂ ಕರೆದುಕೊಂಡು ಹೋಗುತ್ತದೆ.

ಮಳೆ ತಡೆಯಲು ಸೂರು ಗೋಡೆಯಿಂದ 20 ಸೆಂಟಿಮೀಟರ್ ಆದರೂ ಹೊರಚಾಚಿ, ಹಳಿಯ ಮಟ್ಟಕ್ಕಿಂತ ಕೆಳಗೆ ಇಳಿಯಲಿ. ಉಳಿದ ಸಂದಿಗೆ ರಬ್ಬರ್ ಪಟ್ಟಿ ಅಥವಾ ಬ್ರಶ್ ಪಟ್ಟಿ ಸಾಕು.

ಕರೆಂಟು, ಮೋಟಾರು

ಹೊರಗಿನ ಕೋಣೆ, ಇಬ್ಬನಿ, ಲೋಹದ ಉಪಕರಣ, ಬರಿಗಾಲು. ಹಾಗಾಗಿ ಕರೆಂಟ್ ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ತಿಂಗ್ ಇಲ್ಲದೆ ಕರೆಂಟ್ ತರಬೇಡಿ. ಈ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಗೇ ಬಿಡಿ. ಮಂದ ಕೆಂಪು ದೀಪ ಹಾಕಿ. ಗುಡುಗು ಸಿಡಿಲಿನ ದಿನ ಪ್ಲಗ್ ಕಿತ್ತಿಡಿ, ಡೇಟಾ ಕೇಬಲ್ ಸಹ.

ಮೊದಲ ವರ್ಷ ಕೈಯಲ್ಲೇ ತಳ್ಳಿ ಅನ್ನುವುದು ನನ್ನ ಅಭಿಪ್ರಾಯ. ಹಳಿ ಎಲ್ಲಿ ಬಿಗಿ, ಎಲ್ಲಿ ಸಡಿಲ ಅನ್ನುವುದು ಕೈಗೆ ತಿಳಿಯುತ್ತದೆ. ಮೋಟಾರ್ ಇದ್ದರೆ ಅದೆಲ್ಲಾ ಮುಚ್ಚಿಹೋಗಿ ಒಂದು ದಿನ ಗೇರ್ ಹಲ್ಲು ಮುರಿಯುತ್ತದೆ. ಆಮೇಲೆ ಗೇಟಿನ ಮೋಟಾರ್ ಹಾಕುವುದಾದರೆ ಛಾವಣಿ ತುದಿ ಮುಟ್ಟಿದ ಕೂಡಲೇ ಮೋಟಾರ್ ನಿಲ್ಲಿಸುವ ಲಿಮಿಟ್ ಸ್ವಿಚ್ ಎರಡು ತುದಿಗೂ ಬೇಕು. ಕರೆಂಟ್ ಹೋದಾಗ ಮೋಟಾರಿನಿಂದ ಬಿಡಿಸಿ ಕೈಯಲ್ಲಿ ತಳ್ಳುವಂತಿರಬೇಕು. ಟೆಲಿಸ್ಕೋಪ್ ಮಲಗಿದೆ ಅಂತ ಸಾಫ್ಟ್‌ವೇರ್ ಹೇಳಿದರೆ ಸಾಲದು. ನಿಜವಾಗಿ ಮಲಗಿದಾಗ ಮಾತ್ರ ಒತ್ತುವ ಒಂದು ಬೇರೆ ಸ್ವಿಚ್ ಇಟ್ಟು, ಅದು ಒತ್ತದಿದ್ದರೆ ಮೋಟಾರಿಗೆ ಕರೆಂಟೇ ಹೋಗದಂತೆ ವೈರಿಂಗ್ ಮಾಡಿಸಿ.

ತೇವ, ಇಲಿ, ಜೇಡ

ಮುಚ್ಚಿದ ಕೋಣೆಯಲ್ಲಿ ತೇವ ಕೂತರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಒಮ್ಮೆ ಹಿಡಿದರೆ ಗಾಜಿನ ಲೇಪನವನ್ನೇ ತಿನ್ನುತ್ತದೆ. ಗೋಡೆಯ ಕೆಳಗೂ ಮೇಲೂ ಜಾಲರಿ ಹಾಕಿದ ಕಿಂಡಿ ಬಿಡಿ. ಮಳೆಗಾಲದಲ್ಲಿ ಕಿಂಡಿ ಮುಚ್ಚಿ ಸಣ್ಣ ಡಿಹ್ಯುಮಿಡಿಫೈಯರ್ ಓಡಿಸಿ. ಇಲಿಗೆ ಕೇಬಲ್ ಅಂದರೆ ಬಲು ಪ್ರೀತಿ, ಪೈಪಿನ ಬಾಯಿಗೆ ಉಕ್ಕಿನ ನಾರು ತುರುಕಿ. ವಿ ಚಕ್ರದ ಸುತ್ತ ಜೇಡ, ಕಣಜ ಗೂಡು ಕಟ್ಟುತ್ತವೆ, ತಳ್ಳುವ ಮೊದಲು ಟಾರ್ಚ್ ಬಿಟ್ಟು ನೋಡಿ.

ಟೆಲಿಸ್ಕೋಪ್ ಏರಿಸುವ ಮೊದಲು

ಕಂಬದ ಮೇಲೆ ಟೆಲಿಸ್ಕೋಪಿನ ಅಳತೆಯ ರಟ್ಟಿನ ಪೆಟ್ಟಿಗೆ ಕಟ್ಟಿ, ಛಾವಣಿಯನ್ನು ಪೂರ್ತಿ ತೆರೆದು ಮುಚ್ಚಿ. ಎಲ್ಲಾದರೂ ತಾಗಿದರೆ ಹೋಗುವುದು ರಟ್ಟು ಮಾತ್ರ. ಆಮೇಲೆ ಮೆದುಗೊಳವೆಯಿಂದ ಓರೆಯಾಗಿ ನೀರು ಹೊಡೆದು ಒಳಗೆ ಎಲ್ಲಿ ಸೋರುತ್ತದೆ ಅಂತ ಹುಡುಕಿ. ಟೆಲಿಸ್ಕೋಪ್ ಕೂರಿಸಿದ ಮೇಲೆ ಹೆಚ್ಚು ದೊಡ್ಡದಾಗಿ ಕಾಣುವಂತೆ ಒಂದು ನಕ್ಷತ್ರ ಹಿಡಿದು, ಕಂಬಕ್ಕೆ ಅಂಗೈಯಲ್ಲಿ ಒಂದು ಏಟು ಕೊಡಿ. ಒಂದೆರಡು ಸೆಕೆಂಡಿನಲ್ಲಿ ನಕ್ಷತ್ರ ಸ್ಥಿರವಾದರೆ ಕಂಬ ಚೆನ್ನಾಗಿದೆ. ಜೊತೆಗಿರುವವರನ್ನು ಕೋಣೆಯೊಳಗೆ ನಡೆದಾಡಲು ಹೇಳಿ. ನಕ್ಷತ್ರ ಅಲುಗಿದರೆ ನೆಲ ಎಲ್ಲೋ ಕಂಬವನ್ನು ಮುಟ್ಟುತ್ತಿದೆ ಅಂತ ಅರ್ಥ, ಸಂದಿನಲ್ಲಿ ಬಿದ್ದ ಒಂದು ಕಲ್ಲಿನ ಚೂರೂ ಸಾಕು.

ಧ್ರುವದ ಹೊಂದಾಣಿಕೆ ಮಾಡಿ ಬೀಗ ಹಾಕಿಬಿಡಬೇಡಿ. ಒಂದು ಮಳೆಗಾಲ ಕಳೆಯುವ ಹೊತ್ತಿಗೆ ದಿಮ್ಮಿಯ ಕೆಳಗಿನ ಮಣ್ಣು ಒಂದಿಷ್ಟು ಕೂತಿರುತ್ತದೆ. ಆಗ ಹಳಿಯ ಮಟ್ಟ, ಹೊರಗಿನ ಕಂಬಗಳ ನಟ್, ಮೌಂಟಿನ ಹೊಂದಾಣಿಕೆ ಮೂರನ್ನೂ ಮತ್ತೆ ನೋಡಿ ತಿದ್ದಿ, ಚಕ್ರದ ಬೇರಿಂಗಿಗೆ ಗ್ರೀಸ್ ಹಾಕಿ. ಹಳಿಯ ಮೇಲ್ಮೈಗೆ ಮಾತ್ರ ಗ್ರೀಸ್ ಬೇಡ, ಧೂಳು ಅಂಟಿ ಗಸಿಯಾಗುತ್ತದೆ.